ಕೌದಿ, ಕುರ್ಚಿ, ಜಾಡಿ ನೋಡಿ ಬರೆದದ್ದು ಕಲೆಯೇ?

ವಸುಧಾ: ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಅನ್ನೋ ಸಂಗ್ರಹ ಇದೆ. ಸುಮಾರು 18,000 ಚಿತ್ರಗಳು, ಹೆಚ್ಚಿನವು ಜಲವರ್ಣ. ಆರ್ಥಿಕ ಕುಸಿತದ ಕಾಲದಲ್ಲಿ, 1935ರಿಂದ 1942ರವರೆಗೆ, ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರ ಸಂಬಳ ಕೊಟ್ಟು ಬರೆಸಿದ್ದು. ಶೇಕರ್ ಅನ್ನೋ ಕ್ರೈಸ್ತ ಪಂಥದವರ ಕುರ್ಚಿ, ಕೌದಿ, ಜಾಡಿ, ಆಟಿಕೆ, ಗಾಳಿಯ ದಿಕ್ಕು ತೋರಿಸುವ ತಗಡಿನ ಹುಂಜ. ಹೆಸರಿಲ್ಲದ ಕುಶಲಕರ್ಮಿಗಳಿಗೆ ಇದಕ್ಕಿಂತ ದೊಡ್ಡ ಗೌರವ ಯಾವ ದೇಶವೂ ಕೊಟ್ಟಿಲ್ಲ ಅಂತ ನನ್ನ ನಂಬಿಕೆ.

ಕಿಟ್ಟಿ: ಗೌರವ ಸರಿ, ಕಲೆ ಎಲ್ಲಿ? ಎದುರಿಗಿದ್ದದ್ದನ್ನು ಹಾಗೇ ಬರೆಯಬೇಕು, ಸ್ವಂತದ್ದು ಒಂದು ಗೆರೆಯೂ ಬೇಡ. ಅದಕ್ಕೆ ಕ್ಯಾಮೆರಾ ಸಾಕಿತ್ತು.

ವಸುಧಾ: ‘ಕ್ಯಾಮೆರಾ ಸಾಕಿತ್ತು’ ಅಂತ ಈಗ ಹೇಳೋದು ಸುಲಭ. 1935ರಲ್ಲಿ ನಂಬಬಹುದಾದ ಬಣ್ಣದ ಫೋಟೊ ಎಲ್ಲಿತ್ತು?

ಫೋಟೊ ರವಿ: 1936ರಲ್ಲೇ ಸ್ಟಿಲ್ ಕ್ಯಾಮೆರಾಗೆ ಕೊಡಾಕ್ರೋಮ್ ಅನ್ನೋ ಬಣ್ಣದ ಫಿಲಂ ಬಂದಿತ್ತು. 1939ರಿಂದ ಅದೇ ಸರ್ಕಾರದ ಇನ್ನೊಂದು ವಿಭಾಗ ಹಳ್ಳಿ ಬದುಕನ್ನು ಬಣ್ಣದಲ್ಲೂ ತೆಗೆಸಿತು. ಇರಲೇ ಇಲ್ಲ ಅಂತ ಸುಮ್ನೆ ಹೇಳಬೇಡಿ.

ವಸುಧಾ: ‘ನಂಬಬಹುದಾದ’ ಅಂದಿದ್ದೆ, ಸರಿಯಾಗಿ ಓದಿ. ಮೊದಲ ವರ್ಷಗಳ ಕೊಡಾಕ್ರೋಮ್ ಬಣ್ಣ ಮಾಸಿಹೋಯಿತು.

ಫೋಟೊ ರವಿ: ಜಲವರ್ಣ ಮಾಸಲ್ವಾ? ಬೆಳಕಿಗಿಟ್ಟರೆ ಅದೂ ಹೋಗುತ್ತದೆ. ಅದಕ್ಕೇ ಇವು ಗೋಡೆ ಮೇಲಿರೋದು ಕಡಿಮೆ, ಒಳಗಿರೋದೇ ಜಾಸ್ತಿ.

ಸರೋಜಾ ಭಟ್: ನಾನು ಕಸೂತಿ ಹಾಕುವವಳು. ಫೋಟೊದಲ್ಲಿ ಒಂದು ಕಡೆ ಮಿನುಗು, ಇನ್ನೊಂದು ಕಡೆ ನೆರಳು, ಹೊಲಿಗೆ ಕಾಣೋದೇ ಇಲ್ಲ. ಈ ಚಿತ್ರಗಳಲ್ಲಿ ಎಳೆ ಎಳೆಯೂ ಕಾಣುತ್ತದೆ. ಬೋಸ್ಟನ್ನಿನ ಮ್ಯೂಸಿಯಮ್ಮಿನ ಸುಜಾನ್ ಚಾಪ್‌ಮನ್ ಕಲಿಸಿದ ವಿಧಾನ ಅದು. ಈಜಿಪ್ಟಿನ ಪ್ರಾಚೀನ ವಸ್ತುಗಳನ್ನು ಬರೆಯುತ್ತಿದ್ದವರಿಂದ ಬಂದದ್ದು.

ಕಿಟ್ಟಿ: ‘ಕಲಿಸಿದ ವಿಧಾನ’! ಎಲ್ಲರಿಗೂ ಒಂದೇ ವಿಧಾನ ಕಲಿಸಿದ ಮೇಲೆ ಕಲಾವಿದನ ಕೈ ಎಲ್ಲಿ ಉಳಿಯಿತು?

ಮಂಜುಳಾ: ಕ್ಯಾಮೆರಾ ಜಗಳ ಬಿಡಿ. ಅಮೆರಿಕದ ಮೂಲನಿವಾಸಿಗಳ ಬುಟ್ಟಿ, ಮಡಕೆ, ನೇಯ್ಗೆಯನ್ನು ಬೇಕಂತಲೇ ಹೊರಗಿಟ್ಟರು. ಆದರೆ ಸಿಗಾರ್ ಅಂಗಡಿ ಮುಂದೆ ನಿಲ್ಲಿಸುತ್ತಿದ್ದ ಮೂಲನಿವಾಸಿಯ ಮರದ ಬೊಂಬೆಗಳನ್ನು ಬರೆಸಿದರು. ಅವರ ಮುಖ ಬೇಕು, ಅವರ ಕೈಕೆಲಸ ಬೇಡ. ಇದನ್ನು ಓದಿದಾಗಿನಿಂದ ನನಗೆ ಸಿಟ್ಟು ಇಳಿದಿಲ್ಲ.

ವಸುಧಾ: ‘ಬೇಕಂತಲೇ’ ಅನ್ನೋದಕ್ಕೆ ಕಾರಣ ಇತ್ತು. ಅದನ್ನು ಮಾನವಶಾಸ್ತ್ರದವರು ಆಗಲೇ ದಾಖಲಿಸುತ್ತಿದ್ದರು. ಅದಕ್ಕಾಗಿಯೇ ಇದ್ದ ಸರ್ಕಾರಿ ಬ್ಯೂರೊ ಶುರುವಾಗಿದ್ದು 1879ರಲ್ಲಿ. ನ್ಯೂ ಮೆಕ್ಸಿಕೊದ ಸ್ಪ್ಯಾನಿಷ್ ಜನರ ಮರದ ಸಂತರ ವಿಗ್ರಹಗಳು ಇಂಡೆಕ್ಸ್‌ನಲ್ಲಿ ಇವೆಯಲ್ಲ?

ಮಂಜುಳಾ: ಬಿಳಿಯರ ಕುರ್ಚಿಯಾದರೆ ಡಿಸೈನ್, ಮೂಲನಿವಾಸಿ ನವಾಹೋ ಜನರ ಕಂಬಳಿಯಾದರೆ ಮಾನವಶಾಸ್ತ್ರ. ಈ ಗೆರೆ ಹಾಕಿದ್ದು ಯಾರು?

ಫೋಟೊ ರವಿ: 1936 ಅಂದೆನಲ್ಲ, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸರೋಜಾ ಭಟ್: ಮಂಜುಳಾ ಅವರೇ, ಈ ಯೋಜನೆ ಹುಟ್ಟುಹಾಕಿದವರಲ್ಲಿ ಒಬ್ಬರಾದ ರೂತ್ ರೀವ್ಸ್ 1956ರಲ್ಲಿ ಭಾರತಕ್ಕೆ ಬಂದರು. ನಮ್ಮ ಲೋಹದ ಎರಕದವರ ಕೆಲಸವನ್ನು ದಾಖಲಿಸಿದರು. 1966ರಲ್ಲಿ ದೆಹಲಿಯಲ್ಲೇ ತೀರಿಕೊಂಡರು. ಗೆರೆ ಹಾಕುವ ಮನಸ್ಸಿನವರು ಹಾಗೆ ಮಾಡ್ತಾರಾ?

ಮಂಜುಳಾ: ಅವರು ಭಾರತದಲ್ಲಿ ಮಾಡಿದ ಕೆಲಸಕ್ಕೆ ಕೈ ಮುಗಿಯುತ್ತೇನೆ. ನಾನು ಕೇಳಿದ್ದು ಅಮೆರಿಕದ ಬುಟ್ಟಿಗಳ ಬಗ್ಗೆ.

ವಸುಧಾ: ರವಿ, 1936ರದ್ದು 35 ಮಿ.ಮೀ.ನ ಚಿಕ್ಕ ಫಿಲಂ. ದೊಡ್ಡ ಹಾಳೆಯ ಕೊಡಾಕ್ರೋಮ್ ಬಂದಿದ್ದು 1938ರಲ್ಲಿ. ಅಷ್ಟರಲ್ಲಿ ಇವರು ಮೂರು ವರ್ಷ ಬರೆದಾಗಿತ್ತು.

ಫೋಟೊ ರವಿ: ಇನ್ನೂ ನಾಲ್ಕು ವರ್ಷ ಉಳಿದಿತ್ತಲ್ಲ. ಆಗಲಾದರೂ ಯಾಕೆ ಬದಲಾಯಿಸಲಿಲ್ಲ?

ಮಂಜುಳಾ: ಬುಟ್ಟಿಗಳ ಬಗ್ಗೆ ಯಾರಾದರೂ ಉತ್ತರ ಕೊಡ್ತೀರಾ?