ಬಾವೊಬಾಬ್ ಬೀಜದ ಎಣ್ಣೆ ಅಡುಗೆಗೆ ಬಳಸಬಹುದಾ?

ದಾರ್‌ನಿಂದ_ಸುಮಾ:
ಎಲ್ಲರಿಗೂ ನಮಸ್ಕಾರ. ನಾವು ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದು ಎರಡು ವರ್ಷವಾಯಿತು. ಹೋದ ವಾರ ದೊಡೊಮಾ ಕಡೆ ಹೋಗಿದ್ದಾಗ ರಸ್ತೆ ಪಕ್ಕ ಒಬ್ಬ ಅಜ್ಜಿ ಹತ್ತಿರ ಬಾವೊಬಾಬ್ (ಇಲ್ಲಿನ ದಪ್ಪ ಕಾಂಡದ ಮರ) ಬೀಜದ ಎಣ್ಣೆ ತಗೊಂಡೆ. ಹಳೆ ನೀರಿನ ಬಾಟಲಿಗೆ ತುಂಬಿ ಕೊಟ್ಟರು. ಒಳ್ಳೆ ಬಂಗಾರದ ಬಣ್ಣ, ಮೂಸಿದರೆ ಶೇಂಗಾ ಹುರಿದ ಹಾಗೆ ಸಣ್ಣ ವಾಸನೆ. ಇದರಲ್ಲಿ ಕಿತ್ತಳೆಗಿಂತ ಜಾಸ್ತಿ ವಿಟಮಿನ್ ಸಿ ಇದೆ, ಆಂಟಿಆಕ್ಸಿಡೆಂಟ್ ತುಂಬಾ ಇದೆ, ದಿನಾ ಒಂದು ಚಮಚ ಕುಡಿದರೆ ಬಿಪಿ, ಶುಗರ್ ಎಲ್ಲಾ ಕಡಿಮೆಯಾಗುತ್ತೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಒಗ್ಗರಣೆಗೆ ಹಾಕಬಹುದಾ? ಆರು ವರ್ಷದ ಮಗಳಿದ್ದಾಳೆ, ಅದಕ್ಕೇ ಕೇಳುತ್ತಿದ್ದೇನೆ.

ಆಹಾರ_ಲ್ಯಾಬ್:
ಸುಮಾ ಅವರೇ, ಮೊದಲು ಒಂದು ಗೊಂದಲ ಬಿಡಿಸೋಣ. ವಿಟಮಿನ್ ಸಿ ಇರುವುದು ಕಾಯಿಯೊಳಗಿನ ಬಿಳಿ ಹುಳಿ ಪುಡಿಯಲ್ಲಿ, ಎಣ್ಣೆಯಲ್ಲಿ ಅಲ್ಲ. ಅದು ನೀರಿನಲ್ಲಿ ಕರಗುವ ವಸ್ತು, ಎಣ್ಣೆಗೆ ಇಳಿಯುವುದೇ ಇಲ್ಲ. ಯುರೋಪಿನಲ್ಲಿ 2008ರಲ್ಲಿ ಹೊಸ ಆಹಾರ ಅಂತ ಒಪ್ಪಿಗೆ ಸಿಕ್ಕಿದ್ದೂ ಆ ಒಣ ತಿರುಳಿಗೇ. ತಿರುಳಿನ ಹೆಸರನ್ನು ಎಣ್ಣೆಗೆ ಅಂಟಿಸಿ ಮಾರುತ್ತಾರೆ, ನನಗೆ ಬೇಜಾರಾಗುವುದು ಅದೇ.

ಹಾಗಂತ ಎಣ್ಣೆ ಕೆಟ್ಟದ್ದಲ್ಲ. ಆಲಿವ್ ಎಣ್ಣೆಯಲ್ಲಿರುವಂಥದೇ ಒಲೇಯಿಕ್ ಅನ್ನುವ ಕೊಬ್ಬಿನ ಆಮ್ಲ ಇದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು, ಸೂರ್ಯಕಾಂತಿ ಎಣ್ಣೆಯಲ್ಲಿರುವಂಥ ಲಿನೊಲೇಯಿಕ್ ಹೆಚ್ಚುಕಡಿಮೆ ಅಷ್ಟೇ, ಉಳಿದದ್ದರಲ್ಲಿ ಪಾಮಿಟಿಕ್ ಅನ್ನುವ ಕೊಬ್ಬಿನ ಆಮ್ಲ ಜಾಸ್ತಿ. ಆಂಟಿಆಕ್ಸಿಡೆಂಟ್ ಅನ್ನುವುದು ಮುಖ್ಯವಾಗಿ ವಿಟಮಿನ್ ಇ, ಅದರಲ್ಲೂ ಗಾಮಾ ಟೊಕೊಫೆರಾಲ್ ಅನ್ನುವ ರೂಪ. ಎಣ್ಣೆ ಬೇಗ ಮುಗ್ಗಲು ಹಿಡಿಯದ ಹಾಗೆ ಕಾಯುವುದೂ ಅದೇ. ಬಿಪಿ, ಶುಗರ್ ಮಾತ್ರೆ ಮಾತ್ರ ಇದನ್ನು ನಂಬಿ ನಿಲ್ಲಿಸಬೇಡಿ.

ಕೋಳಿಫಾರಂ_ದಾವಣಗೆರೆ:
ಅಕ್ಕಾ, ಒಗ್ಗರಣೆಗೆ ಹಾಕುವ ಮುಂಚೆ ಇದನ್ನು ಓದಿ. ಬಾವೊಬಾಬ್ ನಮ್ಮ ಹತ್ತಿ ಗಿಡದ ಕುಟುಂಬದ್ದೇ. ಎರಡರ ಬೀಜದಲ್ಲೂ ಸ್ಟರ್ಕುಲಿಕ್, ಮಾಲ್ವಾಲಿಕ್ ಅನ್ನುವ ಆಮ್ಲಗಳಿರುತ್ತವೆ. ಶುದ್ಧ ಮಾಡದ ಹತ್ತಿಬೀಜ ಕೋಳಿ ಮೇವಿಗೆ ಹೆಚ್ಚಾಗಿ ಸೇರಿದರೆ ಏನಾಗುತ್ತೆ ಗೊತ್ತಾ? ಮೊಟ್ಟೆ ಕೆಲವು ದಿನ ಇಟ್ಟ ಮೇಲೆ ಒಡೆದರೆ ಬಿಳಿಭಾಗ ಗುಲಾಬಿ ಬಣ್ಣಕ್ಕೆ ತಿರುಗಿರುತ್ತೆ! ನಾನು ಕಣ್ಣಾರೆ ನೋಡಿದ್ದೇನೆ, ಒಂದು ಟ್ರೇ ಪೂರ್ತಿ ಬಿಸಾಕಿದೆ. ದೇಹ ಕೊಬ್ಬನ್ನು ಬದಲಾಯಿಸಿಕೊಳ್ಳುವ ಕೆಲಸಕ್ಕೇ ಈ ಆಮ್ಲ ಅಡ್ಡ ಬರುತ್ತೆ. ಅಂಗಡಿಯ ಹತ್ತಿಬೀಜದ ಎಣ್ಣೆಯನ್ನು ಕಾರ್ಖಾನೆಯಲ್ಲಿ ಚೆನ್ನಾಗಿ ಕಾಯಿಸಿ ಶುದ್ಧ ಮಾಡುವಾಗ ಇದು ತುಂಬಾ ಕಡಿಮೆಯಾಗುತ್ತೆ. ರಸ್ತೆ ಪಕ್ಕ ಹಸಿಯಾಗಿ ಹಿಂಡಿದ ಎಣ್ಣೆಗೆ ಆ ಕೆಲಸ ಆಗಿರಲ್ಲ, ಒಗ್ಗರಣೆಯ ಅರ್ಧ ನಿಮಿಷದ ಬಿಸಿ ಸಾಲುವುದೂ ಇಲ್ಲ. ಮಗುವಿಗಂತೂ ದಿನಾ ಕೊಡಬೇಡಿ.

ಸವಣೂರಿನವ:
ನಮ್ಮೂರ ಮಠದಲ್ಲಿ ಇದೇ ಜಾತಿಯ ಮೂರು ಮರ ಇವೆ ಅಕ್ಕಾ, ದೊಡ್ಡ ಹುಣಸೆ ಅಂತೀವಿ. ಒಂದೊಂದನ್ನು ತಬ್ಬಲು ಹತ್ತು ಜನ ಕೈ ಹಿಡಿಯಬೇಕು. ನಾನೂ ನಾಲ್ಕು ವರ್ಷ ಟಾಂಜಾನಿಯಾದಲ್ಲಿದ್ದೆ. ಅಲ್ಲಿ ತಿರುಳನ್ನು ನೀರಿಗೆ ಕಲಸಿ ಕುಡಿಯುವುದು, ಬೀಜಕ್ಕೆ ಸಕ್ಕರೆ, ಕೆಂಪು ಬಣ್ಣ ಹಚ್ಚಿದ ಉಬುಯು ಚೀಪುವುದು, ಇದನ್ನೇ ಜಾಸ್ತಿ ನೋಡಿದ್ದು. ಎಣ್ಣೆಯನ್ನು ನನ್ನ ಮನೆ ಮಾಲೀಕರು ಕೈಕಾಲಿಗೆ, ಕೂದಲಿಗೆ ಹಚ್ಚುತ್ತಿದ್ದರು. ಒಡೆದ ಹಿಮ್ಮಡಿಗೆ ರಾತ್ರಿ ಹಚ್ಚಿ ನೋಡಿ, ನನಗೆ ಒಂದು ವಾರದಲ್ಲಿ ಮೆತ್ತಗಾಯಿತು. ಮಗಳಿಗೆ ತಿರುಳಿನ ಪಾನಕ ಮಾಡಿಕೊಡಿ. ಬೆಲ್ಲ, ಏಲಕ್ಕಿ ಹಾಕಿದರೆ ಹುಣಸೆ ಪಾನಕದ ಹಾಗೇ ಇರುತ್ತೆ.

ದಾರ್‌ನಿಂದ_ಸುಮಾ:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಫ್ರಿಜ್‌ನಲ್ಲಿಟ್ಟಿದ್ದೆ, ಬೆಳಿಗ್ಗೆ ತಳದಲ್ಲಿ ಮೋಡದ ಹಾಗೆ ಬೆಳ್ಳಗಾಗಿದೆ. ಕಲಬೆರಕೆ ಇರಬಹುದಾ?

ಆಹಾರ_ಲ್ಯಾಬ್:
ಅಷ್ಟಕ್ಕೇ ಕಲಬೆರಕೆ ಅನ್ನಲು ಬರಲ್ಲ. ಪಾಮಿಟಿಕ್ ಜಾಸ್ತಿ ಅಂದೆನಲ್ಲ, ಚಳಿಗೆ ಅದು ಗಟ್ಟಿಯಾಗುತ್ತೆ, ಹೊರಗಿಟ್ಟರೆ ಮತ್ತೆ ತಿಳಿಯಾಗುತ್ತೆ. ಆ ಪ್ಲಾಸ್ಟಿಕ್ ಬಾಟಲಿಯಿಂದ ಕಂದು ಬಣ್ಣದ ಗಾಜಿನ ಸೀಸೆಗೆ ಬಗ್ಗಿಸಿಡಿ.