ಬ್ಯಾಂಕಾಕಿನಿಂದ ಒಂದೇ ದಿನದಲ್ಲಿ ಅಯುತ್ಥಯಾ ನೋಡಬಹುದಾ?

ಪ್ರಶ್ನೆ: ಥಾಯ್ಲೆಂಡಿನ ಹಳೇ ರಾಜಧಾನಿ ಅಯುತ್ಥಯಾಗೆ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರೋ ಯೋಚನೆ. ರೈಲು ಒಳ್ಳೇದಾ? ಊರೊಳಗೆ ಓಡಾಟಕ್ಕೆ ಏನು ಮಾಡ್ಬೇಕು?

ಉತ್ತರ 1: ಧಾರಾಳವಾಗಿ ನೋಡಬಹುದು, ಸುಮಾರು 80 ಕಿ.ಮೀ. ಅಷ್ಟೇ. ರೈಲೇ ಹಿಡೀರಿ. ಜನ ಎಡವೋದು ನಿಲ್ದಾಣದ ವಿಷಯದಲ್ಲಿ: 2023ರ ಜನವರಿಯಿಂದ ಉತ್ತರದ ಎಕ್ಸ್‌ಪ್ರೆಸ್ ಗಾಡಿಗಳು ಬ್ಯಾಂಕಾಕಿನ ಹೊಸ ನಿಲ್ದಾಣ ಕ್ರುಂಗ್ ತೇಪ್ ಅಪಿವಾತ್‌ನಿಂದ ಹೊರಡ್ತವೆ, ಆರ್ಡಿನರಿ ಗಾಡಿಗಳು ಹಳೇ ನಿಲ್ದಾಣ ಹುವಾ ಲಂಫೋಂಗ್‌ನಿಂದ. ಟಿಕೆಟ್ ಮೇಲಿನ ಹೆಸರು ನೋಡಿಕೊಂಡೇ ಹೊರಡಿ. ಅಯುತ್ಥಯಾ ಸ್ಟೇಷನ್ ಇರೋದು ಪಾ ಸಕ್ ನದಿಯ ಪೂರ್ವ ದಡದಲ್ಲಿ; ಹಳೇ ರಾಜಧಾನಿ ಇರೋದು ನದಿಯ ಆಚೆಗಿನ ದ್ವೀಪದಲ್ಲಿ. ಸ್ಟೇಷನ್ ಎದುರಿನ ರಸ್ತೆಯಲ್ಲಿ ನೇರ ನಡೆದರೆ ದೋಣಿ ಸಿಗುತ್ತೆ.

ಉತ್ತರ 2: ಓಡಾಟಕ್ಕೆ ಬಾಡಿಗೆ ಸೈಕಲ್ ಸಾಕು, ನೆಲ ಸಮತಟ್ಟು. ಏಪ್ರಿಲ್ ಬಿಸಿಲಲ್ಲಿ ಮಾತ್ರ ಬೇಡ. ಟುಕ್‌ಟುಕ್‌ನವರ ಹತ್ತಿರ ಗಂಟೆ ಲೆಕ್ಕದಲ್ಲಿ ಮೊದಲೇ ದರ ಮಾತಾಡಿಕೊಳ್ಳಿ. ಬೌದ್ಧ ದೇವಾಲಯ ವಾಟ್ ಮಹಾಥಾಟ್‌ನಲ್ಲಿ ಮರದ ಬೇರುಗಳ ಮಧ್ಯೆ ಬುದ್ಧನ ತಲೆ ಇದೆ, ಮುಖವಷ್ಟೇ ಹೊರಗೆ ಕಾಣುತ್ತೆ. ಅದರ ಜೊತೆ ಫೋಟೋ ಬೇಕಾದ್ರೆ ನೆಲಕ್ಕೆ ಕುಕ್ಕರುಗಾಲಲ್ಲಿ ಕೂರಬೇಕು, ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಬರಬಾರದು. 1767ರಲ್ಲಿ ಬರ್ಮಾ ಸೇನೆ ಸುಟ್ಟು ಉಳಿದ ಇಟ್ಟಿಗೆಗಳಿವು, ದಯವಿಟ್ಟು ಹತ್ತಬೇಡಿ.

ಉತ್ತರ 3: ವಾಟ್ ಚೈವತ್ಥನಾರಾಮ್ ಬಿಟ್ಟು ಬರಬೇಡಿ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಚೆಂದ. 1630ರಲ್ಲಿ ಪ್ರಸಾತ್ ಥೋಂಗ್ ರಾಜ ಕಟ್ಟಿಸಿದ್ದು. ದ್ವೀಪದ ಹೊರಗೆ, ಚಾವೋ ಫ್ರಾಯಾ ನದಿಯ ಪಶ್ಚಿಮ ದಡದಲ್ಲಿದೆ, ಹಾಗಾಗಿ ಸ್ಟೇಷನ್‌ಗೆ ಮರಳೋಕೆ ಇಡೀ ದ್ವೀಪ ದಾಟಬೇಕು. ವಾಪಸ್ ಗಾಡಿಯ ಸಮಯ ಬೆಳಿಗ್ಗೆ ಇಳಿದಾಗಲೇ ಕೌಂಟರ್‌ನಲ್ಲಿ ಕೇಳಿಟ್ಟುಕೊಳ್ಳಿ.