ಅಪ್‌ಡೇಟ್: ಟೈಗರ್ ಮಾತ್ ಈಗ ಹೇಳಿದ ಮಾತು ಕೇಳುತ್ತಿದೆ

ರೇಡಿಯೊದಿಂದ ಹಾರಿಸುವ ನನ್ನ 1/5 ಅಳತೆಯ ಟೈಗರ್ ಮಾತ್ (ಒಂದರ ಮೇಲೊಂದು ರೆಕ್ಕೆಯಿರುವ ಹಳೆಯ ವಿಮಾನ) ಮಾದರಿ, ಎಡಕ್ಕೆ ವಾಲಿಸಿದರೆ ಮೂತಿಯನ್ನು ಬಲಕ್ಕೆ ಹೊರಳಿಸುತ್ತದೆ, ಏಕೆ ಎಂದು ಕೇಳಿದ್ದೆನಲ್ಲ? ರೇಡಿಯೊ ಕೆಟ್ಟಿರಲಿಲ್ಲ, ತಪ್ಪು ನನ್ನದೇ. ಏಲರಾನ್‌ಗಳು (ವಿಮಾನವನ್ನು ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಪಟ್ಟಿಗಳು) ಎಷ್ಟು ಏಳುತ್ತಿದ್ದವೋ ಅಷ್ಟೇ ಇಳಿಯುತ್ತಿದ್ದವು. ಇಳಿದದ್ದು ಗಾಳಿಗೆ ಅಡ್ಡ ನಿಂತು ಆ ಬದಿಯ ರೆಕ್ಕೆಯನ್ನು ಹಿಂದಕ್ಕೆ ಜಗ್ಗುತ್ತಿತ್ತು. 1931ರಲ್ಲಿ ಮೊದಲು ಹಾರಿದ ಅಸಲಿ ವಿಮಾನಕ್ಕೆ ಕೆಳರೆಕ್ಕೆಗಳಲ್ಲಿ ಮಾತ್ರ ಏಲರಾನ್. ಅವು ಏಳುವಷ್ಟು ಇಳಿಯುವುದೇ ಇಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ ಸರ್ವೋದ (ಏಲರಾನ್ ಅಲುಗಿಸುವ ಪುಟ್ಟ ಮೋಟಾರು) ತೋಳನ್ನು ಓರೆಯಾಗಿ ಕೂರಿಸಿದೆ: ಈಗ ಮೇಲಕ್ಕೆ 18 ಮಿ.ಮೀ., ಕೆಳಕ್ಕೆ ಬರೀ 5. ಜೊತೆಗೆ ತುಸು ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ). ಭಾನುವಾರ ಹಾರಿಸಿದೆ, ತಿರುವು ಸಲೀಸು. ಇಳಿಸುವಾಗ ಮಾತ್ರ ಹುಲ್ಲಿಗೆ ಮೂತಿಯೂರಿ ಪ್ರೊಪೆಲರ್ ಮುರಿಯಿತು. ಆ ಪ್ರಶ್ನೆ ಬೇರೆ ಇದೆ.